ಹದ ನೋಡುವ ತಿಂಗಳು

ಹಸ್ತ ಮಳೆ ಮುಗಿಯುವ ಹೊತ್ತಿಗೆ ನಾನು ದಿನವೂ ಬೆಳಿಗ್ಗೆ ಹಿತ್ತಿಲಿಗೆ ಹೋಗಿ ಒಂದು ಹಿಡಿ ಮಣ್ಣನ್ನು ಮುಷ್ಟಿಯಲ್ಲಿ ಒತ್ತಿ ನೋಡುತ್ತೇನೆ. ಬೆರಳಿಗೆ ಮೆತ್ತಿಕೊಂಡರೆ ಇನ್ನೂ ಕಾಯಬೇಕು. ಉಂಡೆ ಕಟ್ಟಿ, ಹೆಬ್ಬೆರಳು ತಾಗಿದೊಡನೆ ಪುಡಿಯಾದರೆ ಹದ ಬಂದಿದೆ. ಉಂಡೆಯೇ ಕಟ್ಟದೆ ಜಾರಿಹೋದರೆ ಎರಡು ದಿನ ತಡವಾಗಿದೆ. ಮಡಿಗೆ ನೀರು ಬಿಟ್ಟು ಮತ್ತೆ ಹದಕ್ಕೆ ತರಬೇಕು. ಇದನ್ನು ಕಲಿಸಿದವರು ಅಪ್ಪ. ಬ್ಯಾಡಗಿ ಹತ್ತಿರದ ನಮ್ಮ ಹೊಲದಲ್ಲಿ ಹಿಂಗಾರಿ ಜೋಳದ ಬಿತ್ತನೆಗೆ ಮುನ್ನ ಅವರು ಚಪ್ಪಲಿ ಬಿಟ್ಟು ಸಾಲಿನೊಳಗೆ ನಡೆದು, ಅಂಗಾಲಿನಿಂದಲೇ ಹದ ಹೇಳುತ್ತಿದ್ದರು. ನನಗೆ ಅಂಗಾಲಿನ ಆ ವಿದ್ಯೆ ಬರಲಿಲ್ಲ, ಮುಷ್ಟಿಯದು ಬಂತು.

ಮದುವೆಯಾಗಿ ಪುಣೆಗೆ ಬಂದದ್ದು 1989ರಲ್ಲಿ. ಮೊದಲ ಒಂಬತ್ತು ವರ್ಷ ಚಾಳಿನ ಒಂದು ಖೋಲಿ. ಕಿಟಕಿಯ ಕಟ್ಟೆಯ ಮೇಲೆ ಒಂದು ತುಳಸಿ, ಒಡೆದ ಬಕೆಟ್ಟಿನಲ್ಲಿ ಒಂದು ಕರಿಬೇವು, ಅಷ್ಟೇ ನನ್ನ ಬೇಸಾಯ. 1998ರಲ್ಲಿ ಸಿಂಹಗಡ ರಸ್ತೆಯ ಕಡೆ ಧಾಯರಿಯಲ್ಲಿ ಈ ಸಾಲುಮನೆ ಕೊಂಡಾಗ ಹಿಂದೆ 12 ಅಡಿ ಅಗಲ, 30 ಅಡಿ ಉದ್ದದ ಜಾಗ ಸಿಕ್ಕಿತು. ಮೇಲೆ ಬಿಸಿಲು ಬೀಳುವ ಮಾಳಿಗೆ. ಈ ಎರಡರಲ್ಲಿ ನಾಲ್ಕು ಜನರ ಮನೆಗೆ ಸೊಪ್ಪು, ಬೆಳ್ಳುಳ್ಳಿ, ಒಣಮೆಣಸು, ಉಪ್ಪಿನಕಾಯಿ ವರ್ಷಪೂರ್ತಿ ಒದಗುತ್ತದೆ. ಧಾರವಾಡ, ಗದಗ, ಕಲಬುರಗಿಯಿಂದ ಬಂದು ಇಲ್ಲಿ ನೆಲೆಸಿದ ಹೆಣ್ಣುಮಕ್ಕಳು ಪ್ರತಿ ದಸರೆಯಲ್ಲೂ ಅದೇ ಪ್ರಶ್ನೆ ಕೇಳುತ್ತಾರೆ: ಯಾವಾಗ ಬಿತ್ತಬೇಕು, ಏನು ಒಣಗಿಸಬೇಕು, ಭರಣಿ ಏಕೆ ಬೂಸಲು ಹಿಡಿಯಿತು? ಅವರಿಗೆಂದು ಇದನ್ನು ಬರೆಯುತ್ತಿದ್ದೇನೆ.

ಊರಿನ ಪಂಚಾಂಗವನ್ನು ಇಲ್ಲಿಗೆ ಹಾಗೆಯೇ ತರಲಾಗದು. ಪುಣೆ ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಎತ್ತರದಲ್ಲಿದೆ. ಮುಂಗಾರು ಸಾಮಾನ್ಯವಾಗಿ ಅಕ್ಟೋಬರ್ ಎರಡನೆಯ ವಾರದ ಹೊತ್ತಿಗೆ ಹಿಂದೆ ಸರಿಯುತ್ತದೆ. ಆಮೇಲೆ ಮೋಡವಿಲ್ಲದ ಆಕಾಶ, ಮಧ್ಯಾಹ್ನ 32 ಡಿಗ್ರಿಯ ಸುಡು ಬಿಸಿಲು, ಗಾಳಿಯಲ್ಲಿ ದಿನದಿಂದ ದಿನಕ್ಕೆ ಇಳಿಯುವ ತೇವ. ಇಲ್ಲಿಯ ಜನ ಇದನ್ನು 'ಅಕ್ಟೋಬರ್ ಹೀಟ್' ಎಂದು ಕರೆದು ಬೇಸರಪಡುತ್ತಾರೆ. ನನಗೆ ಇದು ವರ್ಷದ ಅತ್ಯಂತ ಬೆಲೆಬಾಳುವ ಮೂರು ವಾರ. ಕೆಳಗೆ ಹಿತ್ತಿಲಿನ ಮಣ್ಣಿನಲ್ಲಿ ಮಳೆಯ ತೇವ ಇನ್ನೂ ಉಳಿದಿರುತ್ತದೆ, ಮೇಲೆ ಮಾಳಿಗೆಯಲ್ಲಿ ತೇವವನ್ನು ಎಳೆದು ತೆಗೆಯುವ ಬಿಸಿಲಿರುತ್ತದೆ. ಕೆಳಗೆ ತೇವವನ್ನು ಹಿಡಿದಿಡಬೇಕು, ಮೇಲೆ ಬಿಡಿಸಬೇಕು. ಎರಡು ಕೆಲಸವನ್ನೂ ಕೈಯ ಅಂದಾಜಿನಿಂದ ಮಾಡುವುದಕ್ಕೆ ನಮ್ಮ ಭಾಷೆಯಲ್ಲಿ ಒಂದೇ ಪದವಿದೆ, ಹದ.

ಮಣ್ಣು

ನಮ್ಮ ಓಣಿಯಲ್ಲಿ ಮೇಲೆ ಒಂದು ಅಡಿ ಕಪ್ಪು ಮಣ್ಣು, ಕೆಳಗೆ ಮುರುಮು, ಅಂದರೆ ಗರಸು ಮಣ್ಣು. ಮನೆ ಕಟ್ಟಿದವರು ಹೂತುಬಿಟ್ಟ ಇಟ್ಟಿಗೆ ಚೂರನ್ನು ಆರಿಸಿ ತೆಗೆಯುವುದಕ್ಕೆ ಎರಡು ವರ್ಷ ಹಿಡಿಯಿತು. ಕಪ್ಪು ಮಣ್ಣಿನ ಜೇಡಿ ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರಿಯುತ್ತದೆ. ಹಸಿಯಿರುವಾಗಲೇ ಸಲಿಕೆ ಹಾಕಿದರೆ ಹೆಂಟೆಗಳೆದ್ದು, ವಾರದೊಳಗೆ ಇಟ್ಟಿಗೆಯಂತೆ ಗಟ್ಟಿಯಾಗುತ್ತವೆ. ಆ ಹೆಂಟೆಗಳ ನಡುವೆ ಬಿದ್ದ ಮೆಂತ್ಯದ ಕಾಳಿಗೆ ಮಣ್ಣಿನ ಆಸರೆ ಸಿಗುವುದಿಲ್ಲ. ಆದ್ದರಿಂದ ಮುಷ್ಟಿಯ ಪರೀಕ್ಷೆ ಮುಗಿಯುವವರೆಗೆ ಸಲಿಕೆಯನ್ನು ಗೋಡೆಗೇ ಒರಗಿಸಿಡಿ.

ಹದ ಬಂದ ದಿನ ಮೇಲಿನ ಒಂದು ಗೇಣು ಮಣ್ಣನ್ನು ಸಡಿಲಿಸಿ, ಮಳೆಗಾಲದ ಕಳೆಯನ್ನು ಬೇರುಸಹಿತ ತೆಗೆಯಿರಿ. ಮಡಿಯ ಅಗಲ ಮೂರು ಅಡಿ ಮೀರಬಾರದು, ಎರಡೂ ಬದಿಯಿಂದ ಕೈ ನಡುವಿನವರೆಗೆ ಮುಟ್ಟಬೇಕು. ಮಡಿಯೊಳಗೆ ಕಾಲಿಟ್ಟರೆ ಸಡಿಲಿಸಿದ್ದೆಲ್ಲ ವ್ಯರ್ಥ. ನೆಲಮಟ್ಟದಿಂದ ನಾಲ್ಕು ಬೆರಳು ಎತ್ತರ ಮಾಡಿ. ಹೊತ್ತಲ್ಲದ ಹೊತ್ತಿನಲ್ಲಿ ಮಳೆ ಬಂದರೂ ನೀರು ನಿಲ್ಲದು. ಮೂರು ಅಡಿಗೆ ಎಂಟು ಅಡಿಯ ಒಂದು ಮಡಿಗೆ ನಾನು ನಾಲ್ಕು ಬುಟ್ಟಿ ಕಾಂಪೋಸ್ಟ್, ಒಂದು ಬೊಗಸೆ ಬೇವಿನ ಹಿಂಡಿ ಬೆರೆಸುತ್ತೇನೆ. ಕಾಂಪೋಸ್ಟ್ ನಮ್ಮದೇ ಅಡುಗೆಮನೆಯದು, ಜೂನ್‌ನಿಂದ ಡ್ರಮ್ಮಿನಲ್ಲಿ ಕಳಿತದ್ದು. ಅರ್ಧ ಕಳಿತದ್ದನ್ನು ಹಾಕಬೇಡಿ. ಅದು ಮಣ್ಣಿನೊಳಗೆ ಕಳಿಯುತ್ತ ಗಿಡಕ್ಕೆ ಸಲ್ಲಬೇಕಾದ ಸಾರಜನಕವನ್ನು ತಾನೇ ಹಿಡಿದಿಡುತ್ತದೆ, ಎಲೆ ಹಳದಿಯಾಗುತ್ತದೆ.

ಬಿತ್ತಿದ ಮೇಲೆ ಮಡಿಯನ್ನು ಬರಿಮೈ ಬಿಡಬಾರದು. ದಸರೆಯ ದಿನಗಳಲ್ಲಿ ಕಬ್ಬಿನ ಹಾಲಿನ ಗಾಡಿಯವನಿಗೆ ಹೇಳಿಟ್ಟರೆ ಕಬ್ಬಿನ ರವದಿ ಒಂದು ಚೀಲ ಕೊಡುತ್ತಾನೆ. ಸಾಲುಗಳ ನಡುವೆ ಅದನ್ನು ಹರಡಿದರೆ ಎರಡು ದಿನಕ್ಕೊಮ್ಮೆ ಬಿಡಬೇಕಾದ ನೀರು ನಾಲ್ಕು ದಿನಕ್ಕೊಮ್ಮೆ ಸಾಕಾಗುತ್ತದೆ.

ಬೀಜ ಬದುಕಿದೆಯೇ

ನವರಾತ್ರಿಯ ಮೊದಲ ದಿನ ನಮ್ಮಲ್ಲಿಯೂ ಇಲ್ಲಿಯ ಮರಾಠಿ ಮನೆಗಳಲ್ಲಿಯೂ ಘಟ ಕೂಡಿಸುತ್ತಾರೆ. ಕಲಶದ ಸುತ್ತ ಮಣ್ಣು ಹರಡಿ ಕಾಳು ಬಿತ್ತಿ ಒಂಬತ್ತು ದಿನ ನೀರು ಚಿಮುಕಿಸುತ್ತಾರೆ. ಸಸಿ ಎತ್ತರ ಬಂದಷ್ಟೂ ಸುಗ್ಗಿ ಚೆನ್ನಾಗಿರುತ್ತದೆ ಎಂದು ಅವ್ವ ನಂಬಿದ್ದಳು. ಅವಳ ನಂಬಿಕೆಯೊಳಗೆ ಒಂದು ಗಟ್ಟಿ ಬುದ್ಧಿ ಇತ್ತೆಂದು ನನಗೆ ಹೊಳೆದದ್ದು ಬಹಳ ತಡವಾಗಿ: ಬಿತ್ತನೆಗೆ ಮೊದಲು ಮನೆಯ ಬೀಜ ಮೊಳೆಯುತ್ತದೆಯೋ ಇಲ್ಲವೋ ಎಂದು ದೇವರ ಮುಂದೆಯೇ ನೋಡಿಕೊಂಡ ಹಾಗಾಯಿತು. ಈಗ ನಾನು ಘಟ ಕೂಡಿಸಿದ ದಿನವೇ ಅಡುಗೆಮನೆಯಲ್ಲಿ ಇನ್ನೊಂದು ಕೆಲಸ ಮಾಡುತ್ತೇನೆ. ಪ್ರತಿ ಬೀಜದಲ್ಲಿ ಹತ್ತು ಕಾಳು ಎಣಿಸಿ, ಒದ್ದೆ ಅರಿವೆಯಲ್ಲಿ ಸುತ್ತಿ, ತಟ್ಟೆಯಲ್ಲಿಟ್ಟು ಮುಚ್ಚುತ್ತೇನೆ. ಎಂಟು ಮೊಳೆತರೆ ಧೈರ್ಯವಾಗಿ ಬಿತ್ತಿ. ಐದು ಮೊಳೆತರೆ ಎರಡು ಪಟ್ಟು ಒತ್ತಾಗಿ ಬಿತ್ತಿ. ಮೂರೇ ಮೊಳೆತರೆ ಹೊಸ ಬೀಜ ತನ್ನಿ. ಉಳ್ಳಾಗಡ್ಡಿ ಬೀಜದ ವಿಷಯದಲ್ಲಿ ಈ ಪರೀಕ್ಷೆಯನ್ನು ಎಂದೂ ಬಿಡಬೇಡಿ, ಒಂದು ವರ್ಷ ದಾಟಿದರೆ ಅದರ ಜೀವ ಬೇಗ ಕುಂದುತ್ತದೆ.

ಏನು, ಯಾವಾಗ

ಅಕ್ಟೋಬರ್ ಮೊದಲ ಹತ್ತು ದಿನಗಳಲ್ಲಿ ಬಿಸಿಲಿಗೆ ಹೆದರದವನ್ನು ಬಿತ್ತುತ್ತೇನೆ: ಮೂಲಂಗಿ, ರಾಜಗಿರಿ, ಪಾಲಕ್, ಹಕ್ಕರಿಕೆ. ಹಕ್ಕರಿಕೆಯ ಬೀಜ ಪುಣೆಯ ಅಂಗಡಿಗಳಲ್ಲಿ ನನಗೆ ಸಿಕ್ಕಿಲ್ಲ, ಊರಿನಿಂದಲೇ ತರುತ್ತೇನೆ. ರೊಟ್ಟಿಯ ಜೊತೆ ಹಸಿಯಾಗಿ ತಿನ್ನುವ ಆ ಸೊಪ್ಪಿಲ್ಲದೆ ನನಗೆ ಚಳಿಗಾಲ ಬಂದಂತೆ ಅನಿಸುವುದಿಲ್ಲ. ಉಳಿದ ಬೀಜಕ್ಕೆ ಗುಲ್ಟೇಕಡಿಯ ಮಾರ್ಕೆಟ್ ಯಾರ್ಡ್ ಸುತ್ತಲಿನ ಅಂಗಡಿಗಳಿವೆ. ಪೊಟ್ಟಣದ ಮೇಲಿನ ತಾರೀಖು ನೋಡಿ ಕೊಳ್ಳಿ.

ಮೆಂತ್ಯವನ್ನು ರಾತ್ರಿ ನೆನೆಸಿ, ಬೆಳಿಗ್ಗೆ ನೀರು ಬಸಿದು, ಬೆರಳಗಲದ ಸಾಲಿನಲ್ಲಿ ಅರ್ಧ ಇಂಚಿಗಿಂತ ಆಳಕ್ಕೆ ಹೋಗದಂತೆ ಬಿತ್ತಿ. ನಾಲ್ಕನೆಯ ದಿನಕ್ಕೆ ಮೊಳಕೆ ಕಾಣುತ್ತದೆ, ತಿಂಗಳೊಳಗೆ ಕೈಗೆ ಬರುತ್ತದೆ. ಇಡೀ ಮಡಿಗೆ ಒಂದೇ ದಿನ ಬಿತ್ತಿದರೆ ಒಂದೇ ವಾರದಲ್ಲಿ ಎಲ್ಲ ಬಲಿತು ಕಹಿಯಾಗುತ್ತದೆ. ಹತ್ತು ದಿನಕ್ಕೆ ಎರಡು ಸಾಲಿನಂತೆ ಬಿತ್ತುತ್ತ ಹೋದರೆ ಸಂಕ್ರಾಂತಿಯವರೆಗೆ ಎಳೆಯ ಸೊಪ್ಪು.

ಕೊತ್ತಂಬರಿಗೆ ಆತುರ ಬೇಡ. ಬಿಸಿಲು ಹೆಚ್ಚಿದ್ದರೆ ಸೊಪ್ಪು ಕೊಡುವ ಮೊದಲೇ ಹೂ ಬಿಡುತ್ತದೆ. ಚಿತ್ತಾ ಮಳೆ ಅರ್ಧ ಕಳೆದು, ಬೆಳಗಿನ ಜಾವ ಹೊದಿಕೆ ಬೇಕೆನಿಸಿದ ಮೇಲೆ ಬಿತ್ತಿ. ನಾವು ಒಂದು ಕಾಳೆಂದು ಕರೆಯುವ ಕೊತ್ತಂಬರಿಯೊಳಗೆ ಎರಡು ಬೀಜಗಳಿರುತ್ತವೆ. ಲಟ್ಟಣಿಗೆಯನ್ನು ಹಗುರವಾಗಿ ಉರುಳಿಸಿ ಎರಡು ಹೋಳು ಮಾಡಿ, ರಾತ್ರಿ ನೆನೆಸಿ ಬಿತ್ತಬೇಕು. ಹಾಗೆ ಮಾಡಿದರೂ ಮೊಳೆಯಲು ಎಂಟು ಹತ್ತು ದಿನ ಬೇಕು. ಐದನೆಯ ದಿನ ಮಡಿ ಕೆದರಿ ನೋಡಿ ಕೆಡಿಸಿಕೊಂಡವರನ್ನು ಬಹಳ ಕಂಡಿದ್ದೇನೆ.

ಬೆಳ್ಳುಳ್ಳಿಗೆ ನಾನು ಎರಡು ಮಡಿಗಳಲ್ಲಿ ಒಂದನ್ನು ಪೂರ್ತಿ ಕೊಡುತ್ತೇನೆ, ಏಕೆಂದರೆ ಅದರಷ್ಟು ನಿಷ್ಠೆಯ ಬೆಳೆ ಇನ್ನೊಂದಿಲ್ಲ. ಅಕ್ಟೋಬರ್ ನಡುವಿನಿಂದ ನವೆಂಬರ್ ನಡುವಿನವರೆಗೆ ಊರಬಹುದು. ಗಡ್ಡೆಯ ಹೊರಸುತ್ತಿನ ದಪ್ಪ ಎಸಳುಗಳನ್ನೇ ಆರಿಸಿ, ಒಳಗಿನ ಸಣ್ಣವನ್ನು ಒಗ್ಗರಣೆಗೆ ಇಟ್ಟುಕೊಳ್ಳಿ. ಊರುವ ದಿನವೇ ಎಸಳು ಬಿಡಿಸಬೇಕು, ಸಿಪ್ಪೆ ಸುಲಿಯಬಾರದು. ಚೂಪು ತುದಿ ಮೇಲಕ್ಕೆ, ಒಂದು ಇಂಚು ಆಳ, ಎಸಳಿನಿಂದ ಎಸಳಿಗೆ ನಾಲ್ಕು ಇಂಚು, ಸಾಲಿನಿಂದ ಸಾಲಿಗೆ ಆರು ಇಂಚು. ನನ್ನ ಮಡಿಯಲ್ಲಿ 140 ಎಸಳು ಹಿಡಿಯುತ್ತವೆ, ಒಳ್ಳೆಯ ವರ್ಷದಲ್ಲಿ ಮೂರು ಕಿಲೋ ಕೊಡುತ್ತವೆ. ಸುಮಾರು ನಾಲ್ಕು ತಿಂಗಳ ಬೆಳೆ. ಎಲೆ ಹಳದಿಗೆ ತಿರುಗಿ ಬಾಗಿದಾಗ ನೀರು ನಿಲ್ಲಿಸಿ, ಎರಡು ವಾರ ಬಿಟ್ಟು ಕೀಳಿ. ನೀರು ನಿಲ್ಲಿಸದೆ ಕಿತ್ತರೆ ಗಡ್ಡೆಯ ಕೊರಳು ಹಸಿಯಾಗಿಯೇ ಉಳಿದು ಅಲ್ಲಿಂದಲೇ ಕೊಳೆಯುತ್ತದೆ.

ಉಳ್ಳಾಗಡ್ಡಿ ಬೆಳೆಯುವವರು ಈಗ ಸಸಿಮಡಿಯನ್ನಷ್ಟೇ ಮಾಡಬೇಕು. ನಮ್ಮ ಪುಣೆ ಜಿಲ್ಲೆಯ ರಾಜಗುರುನಗರದಲ್ಲೇ ದೇಶದ ಉಳ್ಳಾಗಡ್ಡಿ ಮತ್ತು ಬೆಳ್ಳುಳ್ಳಿ ಸಂಶೋಧನಾ ಸಂಸ್ಥೆ ಇದೆ. ಅಲ್ಲಿ ಬೆಳೆಸಿದ ಭೀಮಾ ಕಿರಣ, ಭೀಮಾ ಶಕ್ತಿ ತಳಿಗಳು ಹಿಂಗಾರಿಗೆ ಹೊಂದುತ್ತವೆ, ಕೂಡಿಟ್ಟರೆ ಬಾಳುತ್ತವೆ. ಸಾಲಿನಲ್ಲಿ ತೆಳುವಾಗಿ ಬಿತ್ತಿ, ಜರಡಿ ಹಿಡಿದ ಕಾಂಪೋಸ್ಟ್ ಉದುರಿಸಿ, ಹುಲ್ಲು ಮುಚ್ಚಿ. ಮೊಳಕೆ ತಲೆ ಎತ್ತಿದ ಸಂಜೆ ಹುಲ್ಲು ತೆಗೆಯಿರಿ, ಮಧ್ಯಾಹ್ನ ತೆಗೆದರೆ ಸುಟ್ಟು ಹೋಗುತ್ತವೆ. ಆರೇಳು ವಾರದ ಸಸಿಯನ್ನು ಡಿಸೆಂಬರ್‌ನಲ್ಲಿ ನಾಟಿ ಮಾಡುವುದು.

ಕ್ಯಾರೆಟ್ ಅಕ್ಟೋಬರ್ ಕೊನೆಗೆ, ಬಟಾಣಿ ನವೆಂಬರ್ ಮೊದಲ ವಾರಕ್ಕೆ. ಎರಡನ್ನೂ ನೇರವಾಗಿ ಮಡಿಯಲ್ಲೇ ಬಿತ್ತಿ, ಸಸಿ ಕಿತ್ತು ನೆಡಬೇಡಿ. ಟೊಮೆಟೊ ಸಸಿಗಳನ್ನು ದಸರೆಯ ಸುತ್ತಮುತ್ತ ನೆಟ್ಟುಬಿಡಿ.

ನೀರನ್ನು ಬೆಳಿಗ್ಗೆ ಕೊಡಿ. ಸಂಜೆ ಒದ್ದೆಯಾದ ಎಳೆಯ ಸಸಿ ರಾತ್ರಿಯಿಡೀ ಒದ್ದೆಯಾಗಿಯೇ ಇದ್ದು ಬುಡ ಕೊಳೆತು ಮಲಗುತ್ತದೆ. ಮೊಳಕೆ ಬರುವವರೆಗೆ ಮೇಲ್ಮಣ್ಣು ಒಣಗದಂತೆ ಚಿಮುಕಿಸುವುದು, ನಾಲ್ಕೆಲೆ ಬಂದ ಮೇಲೆ ಅಪರೂಪಕ್ಕೆ ಆದರೆ ಆಳವಾಗಿ. ಮಳೆ ಬಿಟ್ಟ ಹೊಸತರಲ್ಲಿ ಬಸವನಹುಳುಗಳ ಕಾಟ ಇರುತ್ತದೆ. ರಾತ್ರಿ ಎಂಟರ ಮೇಲೆ ಬ್ಯಾಟರಿ ಹಿಡಿದು ಆರಿಸಿ ತೆಗೆಯಿರಿ. ಉಪ್ಪು ಸುರಿದರೆ ಹುಳು ಸಾಯುತ್ತದೆ, ಮಣ್ಣೂ ಕೆಡುತ್ತದೆ. ಅವರೆಯ ಕುಡಿಗೆ ಹೇನು ಹತ್ತಿದರೆ ಒಂದು ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ನಾಲ್ಕು ಹನಿ ಸಾಬೂನು ನೀರು ಕದಡಿ ಇಳಿಹೊತ್ತಿನಲ್ಲಿ ಸಿಂಪಡಿಸಿ.

ಮಾಳಿಗೆಯ ಮೇಲೆ

ಊರಿನಲ್ಲಿ ನಾವು ಬಾಳಕ ಎನ್ನುತ್ತೇವೆ, ಮೈಸೂರು ಕಡೆಯಿಂದ ಬಂದ ನನ್ನ ಸೊಸೆ ಮಜ್ಜಿಗೆ ಮೆಣಸಿನಕಾಯಿ ಎನ್ನುತ್ತಾಳೆ. ಹೆಸರು ಎರಡಾದರೂ ಮೊಸರನ್ನದ ತಟ್ಟೆಯ ಮೂಲೆಯಲ್ಲಿ ಎರಡಕ್ಕೂ ಒಂದೇ ಜಾಗ. ಅವ್ವ ಮೆಣಸಿನಕಾಯಿ ಸೀಳಿ ಮೆಂತ್ಯ, ಜೀರಿಗೆ, ಉಪ್ಪಿನ ಪುಡಿ ತುಂಬುತ್ತಿದ್ದಳು. ಸೊಸೆಯ ತವರಿನಲ್ಲಿ ಮಜ್ಜಿಗೆಯಲ್ಲಿ ಅದ್ದುತ್ತಾರೆ. ಈಗ ನಾವಿಬ್ಬರೂ ಸೇರಿ ಎರಡನ್ನೂ ಮಾಡುತ್ತೇವೆ, ಮಜ್ಜಿಗೆಯದನ್ನು ಇಲ್ಲಿ ಹೇಳುತ್ತೇನೆ.

ಖಾರ ಕಡಿಮೆಯಿರುವ, ಸ್ವಲ್ಪ ದಪ್ಪ ತೊಗಟೆಯ ಹಸಿಮೆಣಸಿನಕಾಯಿ ಒಂದು ಕಿಲೋ. ತೊಳೆದು, ಒರೆಸಿ, ನೆರಳಿನಲ್ಲಿ ಹರಡಿ ಮೇಲಿನ ನೀರೆಲ್ಲ ಆರಲಿ. ತೊಟ್ಟು ಕೀಳಬೇಡಿ. ಹೊಟ್ಟೆಯ ಭಾಗದಲ್ಲಿ ಒಂದೇ ಸೀಳು, ತುದಿಯವರೆಗೆ ಬೇಡ. ಒಂದು ಲೀಟರ್ ಹುಳಿ ಮಜ್ಜಿಗೆಗೆ 80 ಗ್ರಾಂ ಉಪ್ಪು ಕರಗಿಸಿ ರಾತ್ರಿ ಅದರಲ್ಲಿ ಮುಳುಗಿಸಿಡಿ. ಬೆಳಿಗ್ಗೆ ಎತ್ತಿ ಬಟ್ಟೆಯ ಮೇಲೆ ಬಿಸಿಲಿಗೆ, ಸಂಜೆ ಮತ್ತೆ ಅದೇ ಮಜ್ಜಿಗೆಗೆ. ಹಗಲಿನಲ್ಲಿ ಮಜ್ಜಿಗೆಯನ್ನು ಫ್ರಿಜ್ಜಿನಲ್ಲಿಡಿ. ಹೀಗೆ ಮೂರು ದಿನ. ಆಮೇಲೆ ನಾಲ್ಕೈದು ದಿನ ಬರೀ ಬಿಸಿಲು. ಮುರಿದರೆ ಸದ್ದು ಬರಬೇಕು, ಅಲ್ಲಾಡಿಸಿದರೆ ಒಳಗೆ ಬೀಜ ಗಿಲಕಿಯಂತೆ ಆಡಬೇಕು. ಬಾಗಿ ಮಡಚಿಕೊಂಡರೆ ಇನ್ನೂ ಹಸಿಯಿದೆ.

ಬೆಳಿಗ್ಗೆ ಹತ್ತರ ಮೊದಲು ಹರಡಿ ಪ್ರಯೋಜನವಿಲ್ಲ, ಆಗ ಮಾಳಿಗೆಯೇ ಒದ್ದೆಯಾಗಿರುತ್ತದೆ. ಸಂಜೆ ನಾಲ್ಕೂವರೆಗೆ ಒಳಗೆ ತೆಗೆದುಬಿಡಿ. ಅಕ್ಟೋಬರ್ ಕೊನೆಯ ಹೊತ್ತಿಗೆ ಇಬ್ಬನಿ ಶುರುವಾಗುತ್ತದೆ. ಇಡೀ ದಿನದ ಬಿಸಿಲು ತೆಗೆದದ್ದನ್ನು ಒಂದು ರಾತ್ರಿಯ ಇಬ್ಬನಿ ಮರಳಿ ತುಂಬುತ್ತದೆ. ಪುಣೆಯ ಪಾರಿವಾಳಗಳಿಗಾಗಿ ಮೇಲೆ ತೆಳ್ಳನೆಯ ಮಲ್ ಬಟ್ಟೆ ಹೊದಿಸಿ ನಾಲ್ಕೂ ಮೂಲೆಗೆ ಕಲ್ಲಿಡಿ. ಸೀಗೆ ಹುಣ್ಣಿಮೆಯ ರಾತ್ರಿ ನಮ್ಮ ಓಣಿಯ ಮರಾಠಿ ಮನೆಯವರು ಕೋಜಾಗಿರಿ ಎಂದು ಮಾಳಿಗೆಯ ಮೇಲೆ ಹಾಲು ಕಾಯಿಸಿ ಕುಡಿಯುತ್ತಾರೆ, ನಮ್ಮನ್ನೂ ಕರೆಯುತ್ತಾರೆ. ಊರಿನಲ್ಲಿ ಆ ದಿನ ಹೊಲಕ್ಕೆ ಚರಗ ಚೆಲ್ಲಲು ಹೋಗುತ್ತಿದ್ದೆವು. ಇಲ್ಲಿ ನಾನು ಬೆಳ್ಳುಳ್ಳಿಯ ಮಡಿಗೆ ಒಂದು ಹಿಡಿ ಅನ್ನ ಚೆಲ್ಲಿ ಮೇಲೆ ಹೋಗುತ್ತೇನೆ.

ಆಕಾಶವನ್ನು ಅತಿಯಾಗಿ ನಂಬಬಾರದು. 2020ರ ಅಕ್ಟೋಬರ್ 14ರ ರಾತ್ರಿ ಬಂಗಾಳ ಕೊಲ್ಲಿಯಿಂದ ಬಂದ ವಾಯುಭಾರ ಕುಸಿತ ಪುಣೆಯ ಮೇಲೆ ಸುರಿದಾಗ ನನ್ನ ಮಾಳಿಗೆಯಲ್ಲಿ ಮೂರು ಕಿಲೋ ಅರ್ಧ ಒಣಗಿದ ಬಾಳಕವಿತ್ತು, ಹಿತ್ತಿಲಿನಲ್ಲಿ ನಾಲ್ಕು ದಿನದ ಹಿಂದೆ ಬಿತ್ತಿದ ಮೆಂತ್ಯವಿತ್ತು. ಮೆಂತ್ಯ ಕೊಚ್ಚಿಕೊಂಡು ಹೋಯಿತು, ಅದಕ್ಕೆ ನಾನು ಅಳಲಿಲ್ಲ. ಬಾಳಕವನ್ನು ಒಳಗೆ ಫ್ಯಾನಿನ ಕೆಳಗೆ ಹರಡಿದೆ. ಮೂರನೆಯ ದಿನಕ್ಕೆ ಸೀಳಿನೊಳಗೆ ಬೂದು ಬಣ್ಣದ ಬೂಸಲು. ಮೇಲಿನಿಂದ ಒರೆಸಿ ಉಳಿಸಿಕೊಳ್ಳೋಣವೆಂದು ಮನಸ್ಸು ಎಳೆಯಿತು. ಸೊಸೆ ನನ್ನ ಕೈ ಹಿಡಿದು, "ಬೇಡ ಅತ್ತೆ, ಮಗು ಇದೆ ಮನೆಯಲ್ಲಿ" ಎಂದಳು. ಎಲ್ಲವನ್ನೂ ಕಾಂಪೋಸ್ಟ್ ಡ್ರಮ್ಮಿಗೆ ಹಾಕಿದೆವು. ಅಂದಿನಿಂದ ಪ್ರತಿ ಸಂಜೆ ಹವಾಮಾನ ಇಲಾಖೆಯ ಮುನ್ಸೂಚನೆ ನೋಡಿಯೇ ನಾಳೆಯ ಮೆಣಸಿನಕಾಯಿ ಸೀಳುತ್ತೇನೆ. ನಾಲ್ಕು ದಿನ ಮೋಡವಿಲ್ಲವೆಂದು ಖಾತ್ರಿಯಾದರೆ ಮಾತ್ರ.

ಒಣಗಿತೆಂದು ಅನಿಸಿದೊಡನೆ ಡಬ್ಬಿಗೆ ತುಂಬಿ ಮೇಲಿಡುವುದು ಎಲ್ಲರೂ ಮಾಡುವ ತಪ್ಪು. ಒಂದೇ ಬಟ್ಟೆಯ ಮೇಲೆ ಹರಡಿದವೂ ಒಂದೇ ಸಮ ಒಣಗಿರುವುದಿಲ್ಲ. ಆರಿದ ಮೇಲೆ ಗಾಜಿನ ಬಾಟಲಿಗೆ ಮುಕ್ಕಾಲು ತುಂಬಿ, ಮುಚ್ಚಿ, ಐದು ದಿನ ಕಣ್ಣೆದುರಿಗೇ ಇಡಿ. ದಿನಕ್ಕೊಮ್ಮೆ ಕುಲುಕಿ. ಗಾಜಿನ ಒಳಮೈಯಲ್ಲಿ ಆವಿ ಕಂಡರೆ ಎಲ್ಲವೂ ಮತ್ತೆ ಬಿಸಿಲಿಗೆ. ಐದು ದಿನ ಗಾಜು ತಿಳಿಯಾಗಿಯೇ ಉಳಿದರೆ ಆಗ ಡಬ್ಬಿಗೆ.

ಮೆಂತ್ಯ ಸೊಪ್ಪು, ಕರಿಬೇವು, ನುಗ್ಗೆ ಸೊಪ್ಪನ್ನು ಬಿಸಿಲಿಗೆ ಹಾಕಬೇಡಿ, ಬಣ್ಣವೂ ಪರಿಮಳವೂ ಹೋಗುತ್ತವೆ. ಗಾಳಿಯಾಡುವ ಕೋಣೆಯಲ್ಲಿ ಮೊರದ ಮೇಲೆ ನಾಲ್ಕು ದಿನ ಸಾಕು. ಹಿಡಿದರೆ ಪುಡಿಯಾಗಬೇಕು.

ಉಪ್ಪು, ಹುಳಿ

ಲಿಂಬೆ ಅಗ್ಗವಾದಾಗ ಒಂದು ಕಿಲೋ ತನ್ನಿ, ತೆಳು ಸಿಪ್ಪೆಯವು, ಕಲೆಯಿಲ್ಲದವು. ತೊಳೆದು, ಒರೆಸಿ, ಒಂದು ರಾತ್ರಿ ಆರಲು ಬಿಡಿ. ಎಂಟು ಹೋಳು ಮಾಡಿ 200 ಗ್ರಾಂ ಹರಳುಪ್ಪು, ಎರಡು ಚಮಚ ಅರಿಶಿನ ಕಲಸಿ ಭರಣಿಗೆ ತುಂಬಿ. ಹರಳುಪ್ಪನ್ನು ಮೊದಲು ಬಾಣಲೆಯಲ್ಲಿ ಹುರಿದು ತೇವ ಹೋಗಲಾಡಿಸಿ ಪುಡಿ ಮಾಡಿಕೊಳ್ಳಬೇಕು. ಉಪ್ಪು ಹೋಳಿನೊಳಗಿನ ರಸವನ್ನು ಹೊರಗೆಳೆಯುತ್ತದೆ, ಮೂರು ನಾಲ್ಕು ದಿನದಲ್ಲಿ ಹೋಳುಗಳು ತಮ್ಮದೇ ರಸದಲ್ಲಿ ಮುಳುಗುತ್ತವೆ. ಮುಳುಗದಿದ್ದರೆ ಇನ್ನೆರಡು ಲಿಂಬೆ ಹಿಂಡಿ. ಬೂಸಲಿಗೆ ಗಾಳಿ ಬೇಕು, ರಸದ ಮೇಲೆ ತಲೆ ಎತ್ತಿದ ಹೋಳಿನಿಂದಲೇ ಅದು ಶುರುವಾಗುತ್ತದೆ. ದಿನಕ್ಕೊಮ್ಮೆ ಭರಣಿ ಕುಲುಕಿ, ಮೂರು ವಾರ ಕಾಯಿರಿ. ಸಿಪ್ಪೆ ಉಗುರಿಗೆ ಮೆತ್ತಗಾದ ಮೇಲೆ 60 ಗ್ರಾಂ ಬ್ಯಾಡಗಿ ಮೆಣಸಿನ ಪುಡಿ, ಹುರಿದು ಪುಡಿ ಮಾಡಿದ 30 ಗ್ರಾಂ ಸಾಸಿವೆ, 15 ಗ್ರಾಂ ಮೆಂತ್ಯ, ಇಂಗು. ಒಗ್ಗರಣೆಯ ಎಣ್ಣೆ ಪೂರ್ತಿ ಆರಿದ ಮೇಲೆಯೇ ಹಾಕಿ. ಬಿಸಿ ಎಣ್ಣೆಯ ಆವಿ ಮುಚ್ಚಳಕ್ಕೆ ತಾಗಿ ನೀರಾಗಿ ಒಳಗೇ ಇಳಿಯುತ್ತದೆ.

ನೆಲ್ಲಿಕಾಯಿ ಇಲ್ಲಿಯ ಮಂಡಈಗೆ, ಅಂದರೆ ಕಾಯಿಪಲ್ಯದ ಮಾರುಕಟ್ಟೆಗೆ, ಬರುವುದು ಕಾರ್ತಿಕದಲ್ಲಿ, ತುಳಸಿ ಲಗ್ನದ ಹೊತ್ತಿಗೆ. ಪಕ್ಕದ ಮನೆಯ ವೈನಿ ಸಾಸವಡದವರು, ಅವರು ಸಕ್ಕರೆ ಪಾಕದಲ್ಲಿ ಮೋರಾವಳಾ ಮಾಡುತ್ತಾರೆ, ನಾನು ನೆಲ್ಲಿ ಚಟ್ಟು ಮಾಡುತ್ತೇನೆ. ಇಪ್ಪತ್ತು ವರ್ಷಗಳಿಂದ ಒಂದು ಬಾಟಲಿ ಅತ್ತ, ಒಂದು ಬಾಟಲಿ ಇತ್ತ. ಒಂದು ಕಿಲೋ ನೆಲ್ಲಿಯನ್ನು ಜಜ್ಜಿ, 200 ಗ್ರಾಂ ಉಪ್ಪು, ಅರಿಶಿನ ಬೆರೆಸಿ ಮೂರು ದಿನ ಮುಚ್ಚಿಡಿ. ನಾಲ್ಕನೆಯ ದಿನ ಬೀಜ ಸುಲಭವಾಗಿ ಬಿಡುತ್ತದೆ. ಬೀಜ ತೆಗೆದು, ಹುರಿದ ಮೆಂತ್ಯ, ಇಂಗು, ಹಸಿಮೆಣಸಿನಕಾಯಿ ಸೇರಿಸಿ ನೀರು ಸೋಕಿಸದೆ ರುಬ್ಬಿ. ಕಲ್ಲಿನಲ್ಲಿ ರುಬ್ಬುವ ಶಕ್ತಿ ಇದ್ದವರು ಕಲ್ಲಿನಲ್ಲೇ ರುಬ್ಬಿ, ರುಚಿ ಬೇರೆಯೇ. ತೆಗೆಯುವ ಚಮಚ ಒಣಗಿರಲಿ. ಹಸಿ ಚಮಚವೊಂದು ಇಡೀ ವರ್ಷದ ಚಟ್ಟನ್ನು ಕೆಡಿಸಿದ್ದನ್ನು ನೋಡಿದ್ದೇನೆ.

ಹಸಿರು, ಕಪ್ಪು, ಗುಲಾಬಿ ಬಣ್ಣದ ತುಪ್ಪಳದಂಥ ಬೂಸಲು ಎಲ್ಲಿ ಕಂಡರೂ ಮೇಲಿನದನ್ನಷ್ಟೇ ತೆಗೆದು ಉಳಿದದ್ದನ್ನು ತಿನ್ನಬೇಡಿ. ಅದರ ಬೇರು ಕಣ್ಣಿಗೆ ಕಾಣದಷ್ಟು ಆಳಕ್ಕೆ ಇಳಿದಿರುತ್ತದೆ.

ಭರಣಿಗೆ ಹಾಕಬಾರದ್ದು

ಈ ಮಾತನ್ನು ನಾನು ಒತ್ತಿ ಹೇಳುತ್ತೇನೆ. ಈಚೆಗೆ ಮೊಬೈಲಿನಲ್ಲಿ ನೋಡಿ, ಸುಲಿದ ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ಮುಳುಗಿಸಿ ಅಡುಗೆಮನೆಯ ಕಟ್ಟೆಯ ಮೇಲೆ ತಿಂಗಳುಗಟ್ಟಲೆ ಇಡುವವರಿದ್ದಾರೆ. ಅವರೆಕಾಳು, ಬೀನ್ಸ್, ಬಟಾಣಿಯನ್ನು ಕುದಿಸಿ ಬಾಟಲಿಗೆ ತುಂಬಿ ಮುಚ್ಚುವವರೂ ಇದ್ದಾರೆ. ದಯವಿಟ್ಟು ಬೇಡ. ಮಣ್ಣಿನಲ್ಲಿ ಬೆಳೆದುದರ ಮೈಮೇಲೆ ಕ್ಲಾಸ್ಟ್ರಿಡಿಯಂ ಬಾಟುಲಿನಂ ಎಂಬ ರೋಗಾಣುವಿನ ಬೀಜಕಗಳು ಇರಬಹುದು. ಗಾಳಿಯಿಲ್ಲದ, ಹುಳಿಯಿಲ್ಲದ, ತೇವವಿರುವ ಜಾಗದಲ್ಲಿ ಅವು ಎದ್ದು ವಿಷ ಉಂಟುಮಾಡುತ್ತವೆ. ನೀರು ಕುದಿಯುವ 100 ಡಿಗ್ರಿಗೆ ಬೀಜಕಗಳು ಸಾಯುವುದಿಲ್ಲ, ಒತ್ತಡದಲ್ಲಿ 121 ಡಿಗ್ರಿಯವರೆಗೆ ಕಾಯಿಸಬೇಕು. ಆ ವಿಷಕ್ಕೆ ವಾಸನೆ, ಬಣ್ಣ, ರುಚಿ ಇರಲೇಬೇಕೆಂದಿಲ್ಲ. ನಮ್ಮ ಹಿರಿಯರ ಉಪ್ಪಿನಕಾಯಿ ಇಷ್ಟು ಕಾಲ ಕಾಪಾಡಿದ್ದು ಅದರಲ್ಲಿ ಹುಳಿಯೂ ಉಪ್ಪೂ ತುಂಬಿದ್ದರಿಂದ. ಎಣ್ಣೆ ಕೇವಲ ಗಾಳಿಯನ್ನು ತಡೆಯುತ್ತದೆ. ಉಪ್ಪು ಒಳ್ಳೆಯದಲ್ಲವೆಂದು ಅರ್ಧಕ್ಕೆ ಇಳಿಸಿದರೆ ಆ ಭರಣಿಯನ್ನು ಫ್ರಿಜ್ಜಿನಲ್ಲಿಟ್ಟು ಬೇಗ ಮುಗಿಸಿ. ಎಣ್ಣೆಯಲ್ಲಿ ಬೆಳ್ಳುಳ್ಳಿ ಬೇಕೇ ಬೇಕೆಂದರೆ ಫ್ರಿಜ್ಜಿನಲ್ಲಿ ನಾಲ್ಕು ದಿನ ಮಾತ್ರ. ಹಸಿ ಅವರೆ, ಬಟಾಣಿ ಹೆಚ್ಚಾದರೆ ಎರಡು ನಿಮಿಷ ಕುದಿನೀರಿನಲ್ಲಿ ಅದ್ದಿ, ತಣ್ಣೀರಿಗೆ ಹಾಕಿ, ಒರೆಸಿ, ಫ್ರೀಜರಿನಲ್ಲಿಡಿ. ಇಲ್ಲವೇ ಗಿಡದಲ್ಲೇ ಒಣಗಲು ಬಿಡಿ.

ಕಾಳು, ಕುಂಬಳ, ಬೀಜ

ಮಳೆಗಾಲದಲ್ಲಿ ತೇವ ಹೀರಿಕೊಂಡ ಬೇಳೆಕಾಳನ್ನು ಇದೇ ಬಿಸಿಲಿಗೆ ಎರಡು ದಿನ ಹಾಕಿ, ಆರಿಸಿ, ಕಿಲೋಗೆ ಒಂದು ಚಮಚ ಹರಳೆಣ್ಣೆ ಸವರಿಡಿ. ಕಾಳಿನ ಮೇಲೆ ಎಣ್ಣೆಯಿದ್ದರೆ ಹುಳುವಿನ ಮೊಟ್ಟೆ ಉಳಿಯುವುದಿಲ್ಲ. ಬಿಸಿಬಿಸಿಯಾಗಿ ಡಬ್ಬಿಗೆ ತುಂಬಬೇಡಿ, ಒಳಗೆ ಬೆವರುತ್ತದೆ. ಆರಿದ ಮೇಲೆ ತುಂಬಿ.

ಕುಂಬಳಕಾಯಿಯನ್ನು ನಾಲ್ಕು ಬೆರಳು ತೊಟ್ಟು ಉಳಿಸಿ ಕೊಯ್ಯಿರಿ, ತೊಟ್ಟು ಹಿಡಿದು ಎತ್ತಬೇಡಿ. ಒಂದು ವಾರ ಬಿಸಿಲಿನಲ್ಲಿಟ್ಟರೆ ಸಿಪ್ಪೆ ಗಟ್ಟಿಯಾಗುತ್ತದೆ, ಉಗುರು ಇಳಿಯುವುದಿಲ್ಲ. ಆಮೇಲೆ ಮಂಚದ ಕೆಳಗೆ ಹುಲ್ಲಿನ ಸಿಂಬೆಯ ಮೇಲೆ, ಒಂದಕ್ಕೊಂದು ತಾಗದಂತೆ. ಮೂರು ನಾಲ್ಕು ತಿಂಗಳು ಯೋಚನೆಯಿಲ್ಲ.

ಹೀರೆ, ಸೋರೆ, ಬೆಂಡೆಯ ಬಳ್ಳಿ ಗಿಡಗಳನ್ನು ಕೀಳುವ ಮೊದಲು ಒಳ್ಳೆಯ ಗಿಡದ ಒಂದು ಕಾಯಿಗೆ ಕೆಂಪು ದಾರ ಕಟ್ಟಿ ಬಿಟ್ಟುಬಿಡಿ. ದಾರ ಇಲ್ಲದಿದ್ದರೆ ಯಾರಾದರೂ ಕೊಯ್ದು ಪಲ್ಯ ಮಾಡಿಬಿಡುತ್ತಾರೆ. ಕಾಯಿ ಬಳ್ಳಿಯಲ್ಲೇ ಒಣಗಿ ಕಂದು ಬಣ್ಣಕ್ಕೆ ತಿರುಗಿದಾಗ ಬೀಜ ಬಿಡಿಸಿ, ನೆರಳಿನಲ್ಲಿ ಒಣಗಿಸಿ, ಜರಡಿ ಹಿಡಿದ ಕಟ್ಟಿಗೆ ಬೂದಿಯಲ್ಲಿ ಹೊರಳಿಸಿ ಬಾಟಲಿಯಲ್ಲಿಡಿ. ಟೊಮೆಟೊ ಬೀಜವನ್ನು ಅದರ ತಿರುಳಿನ ಸಮೇತ ಎರಡು ದಿನ ಹುಳಿಯಲು ಬಿಟ್ಟು ತೊಳೆದರೆ ಮೇಲಿನ ಲೋಳೆ ಬಿಡುತ್ತದೆ. ಹೈಬ್ರಿಡ್ ಎಂದು ಬರೆದ ಪೊಟ್ಟಣದ ಬೀಜದಿಂದ ಬಂದ ಕಾಯಿಯನ್ನು ಬೀಜಕ್ಕೆ ಬಿಡಬೇಡಿ, ಮುಂದಿನ ವರ್ಷ ಅದೇ ಗುಣ ಬರುವುದಿಲ್ಲ.

ಪ್ರತಿ ಬಾಟಲಿಯ ಮೇಲೆ ಹೆಸರು, ತಿಂಗಳು, ವರ್ಷ ಬರೆದು ಅಂಟಿಸುವುದು ಸೊಸೆಯ ಕೆಲಸ. ಬೀಜದ ಬಾಟಲಿಗಳೆಲ್ಲ ದೇವರ ಕೋಣೆಯ ಕೆಳಗಿನ ಕಪಾಟಿನಲ್ಲಿ, ಮನೆಯಲ್ಲಿ ಅತಿ ತಂಪಾದ, ಕತ್ತಲಿನ ಜಾಗ ಅದೇ. ಮುಂದಿನ ನವರಾತ್ರಿಗೆ ಘಟ ಕೂಡಿಸುವ ದಿನ ಅಲ್ಲಿಂದಲೇ ತೆಗೆದು ಹತ್ತು ಹತ್ತು ಎಣಿಸಿ ಒದ್ದೆ ಅರಿವೆಗೆ ಹಾಕುತ್ತೇನೆ.